ತೊಂದರೆ ಕಂಡುಬಂದಿಲ್ಲ: ವಾರಂಟಿ ಮೇಜಿನ ಹಿಂದಿನ ವರ್ಷಗಳು

ನಿವೃತ್ತಳಾದ ಮೇಲೆ ನನಗೆ ತಾನಾಗಿ ಒದಗಿಬಂದ ಕೆಲಸವೆಂದರೆ ಹೊಸ ಕಾರು ಕೊಳ್ಳುವವರಿಗೆ ಸಲಹೆ ಕೊಡುವುದು. ಮುಂಬಯಿಯ ಹೊರವಲಯದಲ್ಲಿ, ಡೊಂಬಿವಲಿಗೆ ಅಂಟಿಕೊಂಡ ಠಾಕುರ್ಲಿಯ ನಮ್ಮ ಸೊಸೈಟಿಯಲ್ಲಿ ಯಾರಿಗಾದರೂ ಚಿಕ್ಕ ಕಾರು ಕೊಳ್ಳುವ ಯೋಚನೆ ಬಂದರೆ ಸಾಕು, ಮೊಬೈಲು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬರುತ್ತಾರೆ. "ಜಲಜಕ್ಕ, ನೀವು ಇಡೀ ಆಯುಷ್ಯ ಕಾರಿನ ಶೋರೂಮಿನಲ್ಲಿ ಕಳೆದವರು. ಹತ್ತು ವರ್ಷ ತಕರಾರಿಲ್ಲದೆ ಓಡುವ ಗಾಡಿ ಯಾವುದು, ಹೇಳಿ" ಎನ್ನುತ್ತಾರೆ. ನಾನು ಹೇಳುತ್ತೇನೆ. ಅವರು ಚಹಾ ಕುಡಿದು, ತಲೆಯಾಡಿಸಿ ಹೋಗಿ, ಮುಂದಿನ ವಾರ ಬೇರೆ ಯಾವುದೋ ಗಾಡಿ ತರುತ್ತಾರೆ. ಯಾಕೆಂದು ಕೇಳಿದರೆ ಅದರ ಮಾಡಿನಲ್ಲಿ ಗಾಜಿನ ಕಿಟಕಿ ಇದೆಯಂತೆ. ಮೇ ತಿಂಗಳ ಡೊಂಬಿವಲಿಯಲ್ಲಿ ನೆತ್ತಿಯ ಮೇಲೆ ಬಿಸಿಲು ಬೀಳಬೇಕೆಂದು ಹೆಚ್ಚಿನ ಹಣ ಕೊಟ್ಟವರಿಗೆ ಗೇರ್‌ಬಾಕ್ಸಿನ ಬಾಳಿಕೆಯ ಬಗ್ಗೆ ನಾನು ಏನು ಹೇಳಲಿ?

ಈಗ ಈ ಉದ್ಯೋಗಕ್ಕೆ ಸೇರುವವರಿಗೆ ಕಂಪನಿಯವರು ಒಂದು ವಾರದ ತರಬೇತಿ ಕೊಡುತ್ತಾರೆ. ಹೇಗೆ ನಗಬೇಕು, ಹೇಗೆ ಕೈಕುಲುಕಬೇಕು, ಗಿರಾಕಿ ಸಿಟ್ಟಾದರೆ ಎಷ್ಟು ಸಲ "ನಿಮ್ಮ ನೋವು ನನಗೆ ಅರ್ಥವಾಗುತ್ತದೆ" ಎನ್ನಬೇಕು, ಎಲ್ಲ ಕಲಿಸುತ್ತಾರೆ. ಆ ಒಂದು ವಾರದಲ್ಲಿ ಸಮಯ ಸಾಲದೆ ಬಿಟ್ಟುಹೋದ ಕೆಲವು ಸಂಗತಿಗಳನ್ನು ನಾನಿಲ್ಲಿ ಬರೆದಿಡುತ್ತಿದ್ದೇನೆ.

ನನ್ನ ಅಪ್ಪ ಉಡುಪಿಯ ಕಡೆಯಿಂದ ಬಂದು ಠಾಣೆಯ ಕೋಪರಿಯಲ್ಲಿ ಒಂದು ಸಸ್ಯಾಹಾರಿ ಹೋಟೆಲಿನ ಗಲ್ಲಾದಲ್ಲಿ ಕೂತವರು. ನಾನು ಬಿ.ಕಾಂ. ಮುಗಿಸಿ, ಟೈಪಿಂಗ್ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಘೋಡ್‌ಬಂದರ್ ರಸ್ತೆಯ ಒಂದು ಕಾರಿನ ಶೋರೂಮಿಗೆ ಸೇರಿದೆ. ಕಂಪನಿಯ ಹೆಸರು ಬೇಡ. ನಾನು ಹೇಳುವ ಸಂಗತಿಗಳು ಯಾವ ಕಂಪನಿಗೂ ಹೊಂದುವಂಥವು; ಒಬ್ಬರಿಗೇ ಕೀರ್ತಿ ಸಿಗುವುದು ಸರಿಯಲ್ಲ.

ನನ್ನನ್ನು ಕೂರಿಸಿದ್ದು ವಾರಂಟಿ ಮೇಜಿನಲ್ಲಿ. ಹೊಸ ಗಾಡಿಯಲ್ಲಿ ವಾರಂಟಿಯ ಅವಧಿಯೊಳಗೆ ಏನಾದರೂ ಕೆಟ್ಟರೆ ನಾವು ಪುಕ್ಕಟೆಯಾಗಿ ಸರಿಮಾಡಿಕೊಡುತ್ತೇವೆ; ಆ ಖರ್ಚನ್ನು ಕಂಪನಿಯಿಂದ ಕೇಳಿ ಪಡೆಯುವ ಅರ್ಜಿ ಬರೆಯುವುದು ನನ್ನ ಕೆಲಸ. ಮುಂದುಗಡೆ ಶೋರೂಮು, ಅಲ್ಲಿ ಹೊಸ ಗಾಡಿಗಳು. ಹಿಂದುಗಡೆ ವರ್ಕ್‌ಶಾಪು, ಅಲ್ಲಿ ಅವೇ ಗಾಡಿಗಳು ಎರಡು ವರ್ಷದ ನಂತರ. ಎರಡರ ನಡುವೆ ದೊಡ್ಡ ಗಾಜಿನ ಗೋಡೆ. ಪಾರದರ್ಶಕತೆಯ ಸಂಕೇತವಾಗಿ ಮಾಲೀಕರು ಅದನ್ನು ಕಟ್ಟಿಸಿದ್ದರು. ನಾನು ಸೇರುವ ಹೊತ್ತಿಗೆ ಅದಕ್ಕೆ ದಪ್ಪ ಪರದೆ ಹಾಕಿದ್ದರು. ನನ್ನ ಮೇಜು ಆ ಪರದೆಯ ಪಕ್ಕದಲ್ಲೇ, ಹಿಂದಿನ ಕಡೆಗೆ.

ನನ್ನ ಮೊದಲ ಸಾಹೇಬರು ವರ್ಕ್ಸ್ ಮ್ಯಾನೇಜರ್ ಕುಲಕರ್ಣಿಯವರು. ಸೊಲ್ಲಾಪುರದವರು; ಮನೆಮಾತು ಕನ್ನಡ, ಬೈಗುಳ ಮರಾಠಿ. ಬಾನೆಟ್ ತೆಗೆಯದೆಯೇ, ಗಾಡಿ ಗೇಟಿನಿಂದ ಒಳಗೆ ಬರುವ ಸದ್ದಿನಲ್ಲೇ ಕಾಯಿಲೆ ಹೇಳುತ್ತಿದ್ದರು. ಆಗ ಅರ್ಜಿಗಳನ್ನು ಕಾರ್ಬನ್ ಹಾಳೆ ಇಟ್ಟು ನಾಲ್ಕು ಪ್ರತಿ ಬರೆಯಬೇಕಿತ್ತು. ಮೊದಲ ದಿನ ನಾನು ಗಿರಾಕಿಯ ದೂರನ್ನು ಚೆಂದದ ಇಂಗ್ಲಿಷಿಗೆ ತಿರುಗಿಸಿ ಬರೆದದ್ದನ್ನು ನೋಡಿ ಅವರು ಹಾಳೆ ಹಿಂದಕ್ಕೆ ತಳ್ಳಿದರು.

"ಗಿರಾಕಿ ಏನಂದಾನೋ ಅವನ ಮಾತಿನ್ಯಾಗೇ ಬರೀಬೇಕು, ಬಾಯಿ. ಅಂವ ಗಾಡಿ ಕೆಮ್ಮತದ ಅಂದ್ರ ಕೆಮ್ಮತದ ಅಂತ ಬರಿ. ನಮ್ಮ ಶಾಣ್ಯಾತನ ಆಮ್ಯಾಲ."

ಅವರ ಕಾಲದಲ್ಲೇ ನಾನು ನನ್ನ ಮೊದಲ ದೊಡ್ಡ ಎಡವಟ್ಟು ಮಾಡಿದ್ದು. ಒಬ್ಬ ಹೋಟೆಲ್ ಮಾಲೀಕರ ಹೊಸ ಗಾಡಿ ತಿರುವುಗಳಲ್ಲಿ ಹಿಂದಿನಿಂದ ದಡದಡ ಸದ್ದು ಮಾಡುತ್ತಿತ್ತು. ನಮ್ಮೂರಿನ ಕಡೆಯವರು, ಅಪ್ಪನಿಗೆ ಪರಿಚಯದವರು. ಉತ್ಸಾಹದಲ್ಲಿ ನಾನು ಮೆಕ್ಯಾನಿಕ್‌ನ ಮಾತು ಮುಗಿಯುವ ಮೊದಲೇ ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್‌ಗಳಿಗೆ ಅರ್ಜಿ ಬರೆದೆ. ಹೊಸವು ಬಂದವು, ಹಾಕಿದರು. ಸದ್ದು ಹೋಗಲಿಲ್ಲ. ಕುಲಕರ್ಣಿಯವರು ಬಂದು ಗಾಡಿಯನ್ನು ಒಂದು ಸುತ್ತು ಓಡಿಸಿ, ನಿಲ್ಲಿಸಿ, ಡಿಕ್ಕಿ ತೆಗೆದು, ಸ್ಟೆಪ್ನಿ ಚಕ್ರದ ಗುಳಿಯೊಳಗೆ ಕೈಹಾಕಿ ಎರಡು ತೆಂಗಿನಕಾಯಿ ತೆಗೆದರು. ಊರಿನಿಂದ ಬರುವಾಗ ಮೂಟೆಯಿಂದ ಉರುಳಿ ಒಳಗೆ ಸೇರಿದ್ದವು.

"ಇವಕ್ಕೂ ವಾರಂಟಿ ಅದ ಏನು?" ಎಂದು ಕೇಳಿ, ಎರಡನ್ನೂ ನನ್ನ ಮೇಜಿನ ಮೇಲಿಟ್ಟು ಹೋದರು. ಹದಿನೈದು ದಿನ ಅವುಗಳನ್ನು ತೆಗೆಯಲು ಬಿಡಲಿಲ್ಲ. ಕಂಪನಿಗೆ ತಾವೇ ಪತ್ರ ಬರೆದು ಆ ಅರ್ಜಿಯನ್ನು ಹಿಂದಕ್ಕೆ ಪಡೆದರು. ತಪ್ಪು ತಮ್ಮದೆಂದು ಬರೆದಿದ್ದರು.

ಅಂಥವರು ನಿವೃತ್ತರಾದ ಮೇಲೆ ನಮ್ಮಲ್ಲಿಗೆ ಸುಧಾರಣೆ ಬಂತು. ಗಾಡಿಯ ಸದ್ದು ಕೇಳುವುದು ಹಳೆಯ ಪದ್ಧತಿಯಾಯಿತು. ಸ್ಟೇರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಏನು ಕೆಟ್ಟಿದೆ ಎಂದು ಅದೇ ತನ್ನ ಪುಟ್ಟ ಸ್ಕ್ರೀನಿನ ಮೇಲೆ ತೋರಿಸುತ್ತಿತ್ತು. ಅದು ಒಳ್ಳೆಯ ಯಂತ್ರ, ನಾನು ಅದನ್ನು ದೂರುವುದಿಲ್ಲ. ಅದರ ಹಿಂದೆಯೇ ಬಂದದ್ದು ಅಂಕಗಳ ಪದ್ಧತಿ. ಪ್ರತಿ ಸರ್ವೀಸಿನ ನಂತರ ಗಿರಾಕಿಗೆ ಫೋನ್ ಹೋಗುತ್ತದೆ, ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು. ಹತ್ತು ಕೊಟ್ಟರೆ ಹತ್ತು. ಒಂಬತ್ತು ಕೊಟ್ಟರೆ ಸೊನ್ನೆಗೆ ಸಮ. ರಿಪೇರಿಗೆ ಬಂದ ಗಾಡಿಯನ್ನು ಒಳಗೆ ತೆಗೆದುಕೊಂಡು ದೂರು ಬರೆದುಕೊಳ್ಳುವ ಸರ್ವೀಸ್ ಅಡ್ವೈಸರ್‌ಗಳು ಗಿರಾಕಿಗಳ ಮುಂದೆ ಕೈಮುಗಿದು "ಸರ್, ಹತ್ತೇ ಹೇಳಿ, ನನ್ನ ನೌಕರಿಯ ಪ್ರಶ್ನೆ" ಎಂದು ಬೇಡುವುದನ್ನು ನಾನು ದಿನವೂ ನೋಡುತ್ತಿದ್ದೆ. ಗಾಡಿ ರಿಪೇರಿ ಮಾಡುವುದಕ್ಕಿಂತ ಅಂಕ ರಿಪೇರಿ ಮಾಡುವುದು ಸುಲಭ ಎಂಬುದು ಎಲ್ಲರಿಗೂ ಬೇಗ ತಿಳಿಯಿತು.

ಆಗ ಚಲಾವಣೆಗೆ ಬಂದ ಎರಡು ವಾಕ್ಯಗಳನ್ನು ಈ ಕೆಲಸಕ್ಕೆ ಸೇರುವವರು ಮೊದಲ ದಿನವೇ ಬಾಯಿಪಾಠ ಮಾಡಬೇಕು. ಒಂದು: "ತೊಂದರೆ ಕಂಡುಬಂದಿಲ್ಲ." ಇನ್ನೊಂದು, ತೊಂದರೆ ಕಂಡೇಬಿಟ್ಟರೆ: "ಈ ಮಾದರಿಯ ಗುಣವೇ ಹಾಗೆ." ಬ್ರೇಕು ಕಿರುಚಿದರೆ ಗುಣ, ಕಿಟಕಿ ಏರದಿದ್ದರೆ ಗುಣ, ಮಳೆಯಲ್ಲಿ ಕಾಲಬುಡಕ್ಕೆ ನೀರು ಬಂದರೆ ಅದೂ ಗುಣ. ಇಷ್ಟು ಗುಣವಂತ ಗಾಡಿಗಳ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ ಬದುಕಿದ ಪುಣ್ಯ ನನ್ನದು.

ಗಾಡಿ ಎಷ್ಟು ಬಾಳುತ್ತದೆ ಎಂಬುದು ಪರದೆಯ ಹಿಂದೆ ಕೂತ ನಮಗೆಲ್ಲ ಗೊತ್ತಿತ್ತು. ಗುಟ್ಟೇನೂ ಇಲ್ಲ. ಸ್ಪೇರ್ ಪಾರ್ಟ್ಸ್ ಕೌಂಟರಿಗೆ ಹೋಗಿ ನಿಂತರೆ ಸಾಕು. ಯಾವ ಭಾಗ ಕೇಳಿದರೆ "ತರಿಸಬೇಕು, ಹತ್ತು ದಿನ ಆಗುತ್ತದೆ" ಎನ್ನುತ್ತಾರೋ ಅದು ಸಾಮಾನ್ಯವಾಗಿ ಕೆಡುವುದಿಲ್ಲ. ಯಾವುದು ಕೈಚಾಚಿದರೆ ಸಿಗುವಂತೆ ಕಪಾಟಿನ ಮುಂದಿನ ಸಾಲಿನಲ್ಲಿದೆಯೋ ಅದೇ ಕೆಡುವುದು. ಹೊಸ ಗಾಡಿ ಕೊಳ್ಳುವವರು ಶೋರೂಮಿನಲ್ಲಿ ಕಾಫಿ ಕುಡಿಯುತ್ತ ಸೀಟಿನ ಬಟ್ಟೆ ಸವರುತ್ತಾರೆ. ಪರದೆ ಸರಿಸಿ ಆ ಕಪಾಟಿನ ಮುಂದಿನ ಸಾಲು ನೋಡಬೇಕೆಂದು ಕೇಳಿದ ಒಬ್ಬನನ್ನೂ ನಾನು ನೋಡಲಿಲ್ಲ.

ಆ ದಿನಗಳಲ್ಲಿ ಮುಂದಿನ ಸಾಲಿಗೆ ಬಂದ ಒಂದು ಭಾಗವೆಂದರೆ ನಮ್ಮ ಹೊಸ ಆಟೋಮ್ಯಾಟಿಕ್ ಹ್ಯಾಚ್‌ಬ್ಯಾಕಿನ ಆಕ್ಚುಯೇಟರ್. ಸಾಮಾನ್ಯ ಗಾಡಿಯಲ್ಲಿ ಎಡಗಾಲು ಕ್ಲಚ್ ಒತ್ತುತ್ತದೆ. ಈ ಗಾಡಿಯಲ್ಲಿ ಆ ಎಡಗಾಲಿನ ಕೆಲಸವನ್ನು ಒಂದು ಚಿಕ್ಕ ಯಂತ್ರ ಮಾಡುತ್ತದೆ. ಖಾಲಿ ರಸ್ತೆಯಲ್ಲಿ ಅದು ಬಹಳ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಖಾಲಿ ರಸ್ತೆ ಇರುವುದು ಜಾಹೀರಾತಿನಲ್ಲಿ ಮಾತ್ರ. ಕಲ್ಯಾಣ–ಶೀಲ್ ರಸ್ತೆಯ ಬಿಸಿಲಿನಲ್ಲಿ, ಲಾರಿಗಳ ನಡುವೆ ಒಂದು ಗಂಟೆ ಇಂಚಿಂಚಾಗಿ ಸರಿಯುವಾಗ ಆ ಯಂತ್ರ ಬಿಸಿಯಾಗಿ ಕೈಬಿಡುತ್ತಿತ್ತು. ಇಂಜಿನು ಗರ್ಜಿಸುತ್ತದೆ, ಗಾಡಿ ಮಾತ್ರ ನಿಂತಲ್ಲೇ ನಿಲ್ಲುತ್ತದೆ.

ಆ ಗಾಡಿಯನ್ನು ಕೊಳ್ಳಲು ಬಂದವರೇ ಶರಣಪ್ಪ.

ಒಂದು ಮಧ್ಯಾಹ್ನ ಸೇಲ್ಸ್ ಹುಡುಗ ಅವರನ್ನು ಪರದೆ ಸರಿಸಿ ನನ್ನ ಮೇಜಿಗೆ ಕರೆತಂದ. "ಮೇಡಂ, ಇವರು ನಿಮ್ಮ ಭಾಷೆಯವರು, ಸ್ವಲ್ಪ ಸಮಾಧಾನ ಹೇಳಿ" ಎಂದ. ಐವತ್ತರ ಹತ್ತಿರದ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಡಗಾಲನ್ನು ಎಳೆದುಕೊಂಡು ಬಂದರು. ಜೇವರ್ಗಿ ಕಡೆಯವರು. ಕಲ್ಯಾಣಕ್ಕೆ ಇಟ್ಟಿಗೆ ಹೊರಲು ಬಂದು, ಟೈಲ್ಸ್ ಕೂರಿಸುವುದನ್ನು ಕಲಿತು, ಈಗ ಏಳೆಂಟು ಜನರನ್ನಿಟ್ಟುಕೊಂಡು ತಾವೇ ಗುತ್ತಿಗೆ ಹಿಡಿಯುತ್ತಿದ್ದರು. ನವಿ ಮುಂಬಯಿಯ ಸೀವುಡ್ಸ್‌ನ ಒಂದು ಕಟ್ಟಡದಲ್ಲಿ ಅಟ್ಟಣಿಗೆಯಿಂದ ಬಿದ್ದು ಎಡಗಾಲಿಗೆ ರಾಡ್ ಹಾಕಿಸಿಕೊಂಡಿದ್ದರು. ಲೋಕಲ್ ಟ್ರೇನಿನಲ್ಲಿ ನಿಲ್ಲಲಾಗುವುದಿಲ್ಲ, ಕ್ಲಚ್ ಒತ್ತಲಾಗುವುದಿಲ್ಲ. ಕೆಲಸವೆಲ್ಲ ನವಿ ಮುಂಬಯಿಯಲ್ಲಿ. ಗಾಡಿ ಇಲ್ಲದಿದ್ದರೆ ಗುತ್ತಿಗೆ ಬಿಡಬೇಕು.

"ಅಕ್ಕೋರೆ, ಈ ಹುಡುಗ ಹಿಂದಿ ಇಂಗ್ಲಿಷ್ ಕೂಡ್ಸಿ ಮಾತಾಡ್ಲತ್ತಾನ, ನನಗ ಅರ್ಧ ತಿಳೀವಲ್ದು. ನೀವರ ಖರೇ ಹೇಳ್ರಿ. ಹತ್ತು ವರ್ಷ ಬಾಳಿಕಿ ಬರ್ತದೇನ್ರಿ ಇದು? ಇನ್ನೊಂದು ಗಾಡಿ ತೊಗೊಳ್ಳೋ ತಾಕತ್ತು ನನಗ ಬರಂಗಿಲ್ಲ."

ನನ್ನ ಮೊಣಕೈಯ ಕೆಳಗೆ ಅದೇ ಆಕ್ಚುಯೇಟರಿನ ಅರ್ಜಿಯೊಂದು ಅರ್ಧ ಬರೆದು ಬಿದ್ದಿತ್ತು. ಆ ತಿಂಗಳಲ್ಲಿ ಅದು ಮೊದಲನೆಯದಾಗಿರಲಿಲ್ಲ. ಸೇಲ್ಸ್ ಹುಡುಗ ಅವರ ಬೆನ್ನ ಹಿಂದೆ ನಿಂತು ನನ್ನನ್ನೇ ನೋಡುತ್ತಿದ್ದ. ತಿಂಗಳ ಕೊನೆ, ಅವನ ಗುರಿ ಮುಟ್ಟಲು ಒಂದು ಗಾಡಿ ಬಾಕಿ ಎಂದು ಬೆಳಗಿನಿಂದ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ನಾನು ಹಾಳೆಯನ್ನು ಮಗುಚಿಟ್ಟು ಹೇಳಿದೆ: "ಒಳ್ಳೆ ಗಾಡಿಯೇ. ಎಂತ ಆದರೂ ವಾರಂಟಿ ಉಂಟಲ್ಲ."

"ಆಯ್ತು ಬಿಡ್ರಿ. ನೀವ್ ಹೇಳಿದ ಮ್ಯಾಲ ಮುಗೀತು" ಎಂದರು ಶರಣಪ್ಪ.

ಸುಳ್ಳು ಹೇಳಿದೆನೇ? ಇಲ್ಲ. ವಾರಂಟಿ ಇತ್ತು. ನಮ್ಮ ವೃತ್ತಿಯಲ್ಲಿ ಯಾರೂ ಸುಳ್ಳು ಹೇಳುವುದಿಲ್ಲ. ಕೇಳಿದ ಪ್ರಶ್ನೆಯನ್ನು ಬಿಟ್ಟು ಪಕ್ಕದ ಪ್ರಶ್ನೆಗೆ ಉತ್ತರ ಕೊಡುತ್ತೇವೆ. ಒಂದು ವಾರದ ನಂತರ ಶರಣಪ್ಪ ಕೆಂಪು ಗಾಡಿಯ ಮುಂದೆ ಬಾಗಿಲಷ್ಟು ದೊಡ್ಡ ರಟ್ಟಿನ ಕೀಲಿಕೈ ಹಿಡಿದು ಹೆಂಡತಿಯೊಂದಿಗೆ ಫೋಟೋ ತೆಗೆಸಿಕೊಂಡರು. ನನ್ನ ಮೇಜಿಗೆ ಬಂದು ಪೇಢೆಯ ಡಬ್ಬಿ ಕೊಟ್ಟರು. ನಾನು ತೆಗೆದುಕೊಂಡೆ. ತಿಂದೆ ಕೂಡ.

ಏಳೆಂಟು ತಿಂಗಳಾದ ಮೇಲೆ ಅವರ ಗಾಡಿ ಮೊದಲ ಸಲ ಶೀಲ್‌ಫಾಟಾದ ಏರಿನಲ್ಲಿ ಕೈಕೊಟ್ಟಿತು. ಹಿಂದೆ ಲಾರಿಗಳು ಹಾರ್ನ್ ಬಾರಿಸುತ್ತಿದ್ದರೆ, ಕೆಟ್ಟ ಕಾಲಿನಲ್ಲೇ ಇಳಿದು ಗಾಡಿ ತಳ್ಳಿದರಂತೆ. ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಟಿತು. ಮಾರನೆಯ ದಿನ ಬೆಳಿಗ್ಗೆ ವರ್ಕ್‌ಶಾಪಿಗೆ ತಂದರು. ನಮ್ಮ ಅಡ್ವೈಸರ್ ಅದನ್ನು ವರ್ಕ್‌ಶಾಪಿನ ಹಿಂದಿನ ಸಮತಟ್ಟಾದ ಗಲ್ಲಿಯಲ್ಲಿ, ಬೆಳಗಿನ ತಂಪಿನಲ್ಲಿ, ಎರಡು ಸುತ್ತು ಹಾಕಿಸಿ ಹಿಂದಕ್ಕೆ ಕೊಟ್ಟ. ತೊಂದರೆ ಕಂಡುಬಂದಿಲ್ಲ.

ಎರಡನೆಯ ಸಲ ಬಂದಾಗ ಸ್ಕ್ಯಾನರ್ ಸಿಕ್ಕಿಸಿದರು. ಮೂರನೆಯ ಸಲವೂ ಸಿಕ್ಕಿಸಿದರು. ಪ್ರತಿ ಸಲ ತೊಳೆದು ಒರೆಸಿ ಹೊಳೆಯುವ ಗಾಡಿಯನ್ನು ಹಿಂದಕ್ಕೆ ಕೊಟ್ಟು, "ಏ.ಸಿ. ಬಂದ್ ಮಾಡಿ ಓಡಿಸಿ, ಈ ಮಾದರಿಯ ಗುಣವೇ ಹಾಗೆ" ಎಂದು ಹೇಳಿಕಳಿಸಿದರು. ಶರಣಪ್ಪ ಪ್ರತಿ ಸಲವೂ ನನ್ನ ಮೇಜಿಗೆ ಬಂದು ನಮಸ್ಕಾರ ಹೇಳಿ ಹೋಗುತ್ತಿದ್ದರು. ದೂರು ಹೇಳುತ್ತಿರಲಿಲ್ಲ. "ನೋಡ್ಲತ್ತಾರ್ರಿ ಅಕ್ಕೋರೆ, ಸರಿ ಮಾಡ್ತಾರ" ಎನ್ನುತ್ತಿದ್ದರು. ನಾನೂ "ಹೌದು, ಮಾಡ್ತಾರೆ" ಎನ್ನುತ್ತಿದ್ದೆ. ಅಡ್ವೈಸರ್‌ಗಳ ಕೆಲಸದಲ್ಲಿ ತಲೆಹಾಕುವುದು ವಾರಂಟಿ ಮೇಜಿನ ಕೆಲಸವಲ್ಲವಲ್ಲ. ಅರ್ಜಿ ನನ್ನ ಮುಂದೆ ಬಂದರೆ ತಾನೆ!

ಮೂರು ವರ್ಷದ ವಾರಂಟಿ ಮುಗಿದು ಒಂದೂವರೆ ತಿಂಗಳಿಗೆ ಗಾಡಿ ಪೂರ್ತಿ ನಿಂತಿತು. ತಣ್ಣಗಾದರೂ ಹೊರಡಲಿಲ್ಲ. ಕ್ರೇನಿನ ಹಿಂದೆ ನೇತಾಡುತ್ತ ಬಂತು. ಆಕ್ಚುಯೇಟರು, ಕ್ಲಚ್ಚು ಎರಡೂ ಹೋಗಿದ್ದವು. ಅಡ್ವೈಸರ್ ಬರೆದುಕೊಟ್ಟ ಅಂದಾಜನ್ನು ಹಿಡಿದು ಶರಣಪ್ಪ ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತರು. ಅವರ ಮೂರು ತಿಂಗಳ ದುಡಿಮೆ ಆ ಹಾಳೆಯಲ್ಲಿತ್ತು.

"ಅಕ್ಕೋರೆ, ನಾ ವಾರಂಟಿದಾಗೇ ಮೂರು ಸಲ ತೋರ್ಸೀನಿ. ಅದು ಲೆಕ್ಕಕ್ಕ ಬರಂಗಿಲ್ಲೇನ್ರಿ?"

ನ್ಯಾಯವಾಗಿ ಬರಬೇಕು. ಅವಧಿಯೊಳಗೆ ದಾಖಲಾದ ದೂರು ಆಮೇಲೆ ದೊಡ್ಡದಾದರೆ ಕಂಪನಿಯೇ ಸರಿಮಾಡಿಕೊಡಬೇಕೆಂಬ ನಿಯಮವಿತ್ತು. ನಾನು ಕಂಪ್ಯೂಟರಿನಲ್ಲಿ ಅವರ ಗಾಡಿಯ ಇತಿಹಾಸ ತೆಗೆದೆ. ಮೂರು ಭೇಟಿಗಳಿದ್ದವು. ಮೂರರಲ್ಲೂ ಒಂದೇ ಸಾಲು: "ವಾಷಿಂಗ್, ಸಾಮಾನ್ಯ ತಪಾಸಣೆ. ಗಿರಾಕಿ ತೃಪ್ತ." ಗಾಡಿ ನಡುರಸ್ತೆಯಲ್ಲಿ ನಿಂತದ್ದರ ಬಗ್ಗೆ ಒಂದು ಅಕ್ಷರವಿಲ್ಲ. ದಾಖಲೆಯ ಪ್ರಕಾರ ಶರಣಪ್ಪ ತಮ್ಮ ಗಾಡಿಯನ್ನು ಕಲ್ಯಾಣದಿಂದ ಠಾಣೆಯವರೆಗೆ ತಂದದ್ದು ಸ್ನಾನ ಮಾಡಿಸಲು.

ಅಡ್ವೈಸರ್‌ನನ್ನು ಕರೆದು ಕೇಳಿದೆ. ಅವನು ಕೆಟ್ಟವನಲ್ಲ, ಡೊಂಬಿವಲಿಯಿಂದ ದಿನವೂ ನಾನು ಬರುವ ಲೋಕಲ್ ಟ್ರೇನಿನಲ್ಲೇ ಬರುವವನು. ತಲೆತಗ್ಗಿಸಿ ಹೇಳಿದ: "ಮೇಡಂ, ಒಮ್ಮೆ ಬರೆದ ದೂರು ಎರಡನೇ ಸಲ ಬಂದರೆ ನನ್ನ ಅಂಕ ಬೀಳುತ್ತದೆ, ಹಾಗಾಗಿ ಮೊದಲ ಸಲವೇ ಬರೆಯುವುದಿಲ್ಲ. ಜಿಎಂ ಸಾಹೇಬರೇ ಹೀಗೆ ಬರೆಯಲು ಹೇಳಿದ್ದು. ಎಲ್ಲರೂ ಹೀಗೇ ಬರೆಯುತ್ತಾರೆ."

ಜನರಲ್ ಮ್ಯಾನೇಜರ್ ಬಳಿಗೆ ಹೋದೆ. ಅವರು ಮ್ಯಾನೇಜ್‌ಮೆಂಟ್ ಓದಿದವರು. ಮೊದಲು ಫ್ರಿಜ್ಜು ಮಾರುತ್ತಿದ್ದರು. ಅವರ ಕೋಣೆಯ ಗೋಡೆಯ ಮೇಲೆ 'ಗ್ರಾಹಕನೇ ದೇವರು' ಎಂದು ಬರೆದು ಕಟ್ಟುಹಾಕಿಸಿದ್ದರು. ನನ್ನ ಮಾತನ್ನು ಪೂರ್ತಿ ಕೇಳಿ ನಕ್ಕರು.

"ಜಲಜಾ ಜೀ, ವಾರಂಟಿ ಖತಂ, ಕಹಾನಿ ಖತಂ. ದಾಖಲೆಯಲ್ಲಿ ಇಲ್ಲದ್ದು ಆಗೇ ಇಲ್ಲ. ನಾವು ಹೆಚ್ಚು ಅರ್ಜಿ ಕಳಿಸಿದರೆ ಕಂಪನಿಯವರು ನಮ್ಮನ್ನೇ ತನಿಖೆ ಮಾಡುತ್ತಾರೆ. ನಿಮಗೆ ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಅಲ್ಲವೇ? ಆರಾಮಾಗಿ ಮುಗಿಸಿ."

ನಾನು ಹೊರಗೆ ಬಂದೆ. ಶರಣಪ್ಪ ಇನ್ನೂ ಆ ಕುರ್ಚಿಯಲ್ಲೇ ಕೂತಿದ್ದರು. ಎಡಗಾಲನ್ನು ನೇರವಾಗಿ ಚಾಚಿ, ಎರಡೂ ಕೈಯಿಂದ ಮಂಡಿ ಒತ್ತಿಕೊಳ್ಳುತ್ತಿದ್ದರು. ಅವರಿಗೆ ಎರಡು ದಿನ ಬಿಟ್ಟು ಬನ್ನಿ ಎಂದು ಹೇಳಿ ಕಳಿಸಿದೆ. ಯಾಕೆ ಹಾಗೆ ಹೇಳಿದೆನೋ, ಎರಡು ದಿನದಲ್ಲಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಆ ದಿನ ಊಟದ ಡಬ್ಬಿ ತೆರೆಯಲಿಲ್ಲ.

ಹೊಳೆದದ್ದು ಸ್ಕ್ಯಾನರ್. ಎರಡನೆಯ ಮತ್ತು ಮೂರನೆಯ ಭೇಟಿಯಲ್ಲಿ ಅದನ್ನು ಸಿಕ್ಕಿಸಿದ್ದರು, ದೋಷ ತೋರಿಸಿದ್ದನ್ನು ಅಳಿಸಿದ್ದರು. ಆದರೆ ಅಳಿಸಿದ್ದು ಗಾಡಿಯ ನೆನಪಿನಿಂದ ಮಾತ್ರ. ಆ ಯಂತ್ರ ಪ್ರತಿಸಲವೂ ತಾನು ಕಂಡದ್ದರ ನಕಲನ್ನು, ತಾರೀಖು ಮತ್ತು ಕಿಲೋಮೀಟರಿನ ಸಮೇತ, ನೇರವಾಗಿ ಕಂಪನಿಗೆ ಕಳಿಸಿಬಿಡುತ್ತಿತ್ತು. ನಮ್ಮ ವರ್ಕ್‌ಶಾಪಿನಲ್ಲಿ ಇದು ನನ್ನ ಹೊರತು ಯಾರಿಗೂ ಗೊತ್ತಿರಲಿಲ್ಲ, ಏಕೆಂದರೆ ಅದರ ಕೈಪಿಡಿಯನ್ನು ಓದಿದವಳು ನಾನೊಬ್ಬಳೇ. ಉಳಿದವರೆಲ್ಲ ತರಬೇತಿ ಪಡೆದಿದ್ದರು.

ಎರಡು ದಿನ ಊಟದ ಬಿಡುವಿನಲ್ಲಿ ಕೂತು ಆ ವರದಿಗಳನ್ನು ಹುಡುಕಿ ತೆಗೆದೆ. ಎರಡರಲ್ಲೂ ಅದೇ ದೋಷ, ಎರಡೂ ವಾರಂಟಿಯ ಅವಧಿಯೊಳಗೆ. ಜಿಎಂ ಒಪ್ಪಿಗೆ ಬೇಕಾಗುವುದು ಅವಧಿ ಮುಗಿದ ಮೇಲೆ ದಯೆಯಿಂದ ಕೊಡುವ ರಿಪೇರಿಗೆ. ಅವಧಿಯೊಳಗಿನ ದೂರಿಗೆ ವಾರಂಟಿ ಮೇಜಿನವರ ಸಹಿಯೊಂದೇ ಸಾಕು. ಆ ಸಹಿ ನನ್ನದು. ಸಂಜೆ ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಬ್ಯಾಂಕಿನಲ್ಲಿದ್ದವರು, ಬೇರೆಯವರ ಸಹಿಗಳನ್ನು ಅನುಮಾನಿಸುವುದೇ ಅವರ ವೃತ್ತಿಯಾಗಿತ್ತು.

"ಕೆಲಸ ಹೋದರೆ?" ಎಂದು ಕೇಳಿದರು.

"ಹೋದರೆ ಹೋಯಿತು. ಆ ಮನುಷ್ಯ ಕೊಟ್ಟ ಪೇಢೆ ತಿಂದಿದ್ದೇನೆ ಮಾರ್ರೆ" ಎಂದೆ. ಅವರಿಗೆ ಅರ್ಥವಾಗಲಿಲ್ಲ, ನಾನು ಬಿಡಿಸಿ ಹೇಳಲೂ ಇಲ್ಲ.

ಮಾರನೆಯ ದಿನ ಅರ್ಜಿ ಕಳಿಸಿದೆ. ಗಿರಾಕಿಯ ದೂರು ಎಂಬ ಜಾಗದಲ್ಲಿ ಶರಣಪ್ಪನವರ ಮಾತನ್ನೇ ಬರೆದೆ: ಏರಿನಲ್ಲಿ ಇಂಜಿನು ಕೂಗುತ್ತದೆ, ಗಾಡಿ ಹೋಗುವುದಿಲ್ಲ, ಇಳಿದು ತಳ್ಳಬೇಕು. ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಅವರು ಲೋಕಲ್ ಹಿಡಿದು, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಇನ್ನೊಂದು ಟ್ರೇನಿಗೆ ಹೋಗಿ ಸೀವುಡ್ಸ್ ಮುಟ್ಟುತ್ತಿದ್ದರು. ಕಾಲು ಬಾತುಕೊಂಡು ಎರಡು ದಿನ ಕೆಲಸಕ್ಕೇ ಹೋಗಲಿಲ್ಲವೆಂದು ಆಮೇಲೆ ತಿಳಿಯಿತು.

ಹತ್ತನೆಯ ದಿನ ಕಂಪನಿಯ ಒಪ್ಪಿಗೆ ಬಂತು. ಯಂತ್ರ, ಕ್ಲಚ್ಚು ಎರಡನ್ನೂ ಹೊಸದು ಹಾಕಿಕೊಟ್ಟರು, ಪುಕ್ಕಟೆಯಾಗಿ. ಗಾಡಿ ತೆಗೆದುಕೊಳ್ಳಲು ಶರಣಪ್ಪ ಬಂದಾಗ ನಾನೇ ಅಂಗಳಕ್ಕೆ ಹೋದೆ. ಅವರು ಕೈಮುಗಿದು, "ನಿಮ್ಮಿಂದ ಆಯ್ತು ನೋಡ್ರಿ ಅಕ್ಕೋರೆ. ನಮ್ಮ ಕಡಿಯೋರು ಒಬ್ರು ಇದ್ದಿದ್ದಕ್ಕ ಆಯ್ತು" ಎಂದರು.

ಅಲ್ಲಿಗೆ ಮುಗಿಸಬಹುದಿತ್ತು. ನನಗೆ ಮುಗಿಸಲಾಗಲಿಲ್ಲ.

"ಶರಣಪ್ಪನವರೇ, ನೀವು ತಗೊಳ್ಳುವ ಮೊದಲು ನನ್ನನ್ನು ಕೇಳಿದಿರಿ. ಆ ದಿನವೇ ಈ ಗಾಡಿಯ ತೊಂದರೆ ನನಗೆ ಗೊತ್ತಿತ್ತು. ಅದರದ್ದೇ ಕಾಗದ ನನ್ನ ಮೇಜಿನ ಮೇಲಿತ್ತು. ನಾನು ಹೇಳಲಿಲ್ಲ."

ಅವರು ಗಾಡಿಯ ಮಾಡಿನ ಮೇಲೆ ಕೈಯಿಟ್ಟರು.

"ಗೊತ್ತಿತ್ತಾ?" ಎಂದರು.

"ಗೊತ್ತಿತ್ತು."

ಅವರು ಬಾಗಿಲು ತೆಗೆದು, ಮೊದಲು ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಕೂತು, ಹೊರಟುಹೋದರು. ಆ ಸಲ ನಮಸ್ಕಾರ ಇರಲಿಲ್ಲ.

ಎರಡು ತಿಂಗಳ ಒಳಗೆ ಕಂಪನಿಯಿಂದ ತನಿಖೆಯವರು ಬಂದರು. ಶರಣಪ್ಪನವರದೊಂದೇ ಅಲ್ಲ, ಇನ್ನೂ ಎಷ್ಟೋ ಗಾಡಿಗಳ ದೋಷ ಅಳಿಸಿ 'ವಾಷಿಂಗ್' ಎಂದು ಬರೆದದ್ದು ಹೊರಬಿತ್ತು. ಹಲವರಿಗೆ ಪುಕ್ಕಟೆ ರಿಪೇರಿ ಆಯಿತು. ಜಿಎಂ ಸಾಹೇಬರಿಗೆ ವಿವರಣೆ ಕೇಳಿ ಪತ್ರ ಬಂತು. ಅವರು ವಿವರಣೆ ಕೊಟ್ಟರು, ತಪ್ಪು ಕೆಳಗಿನವರದೆಂದು. ನನ್ನ ಕೆಲಸ ಹೋಗಲಿಲ್ಲ. ನನ್ನ ಅನುಭವವನ್ನು ಇನ್ನೂ ಉನ್ನತ ಕಾರ್ಯಕ್ಕೆ ಬಳಸಿಕೊಳ್ಳುವ ಸಲುವಾಗಿ, ನನ್ನನ್ನು ವಾರಂಟಿ ಮೇಜಿನಿಂದ ಎಬ್ಬಿಸಿ, ಗಿರಾಕಿಗಳಿಗೆ ಫೋನ್ ಮಾಡಿ ಹತ್ತಕ್ಕೆ ಹತ್ತು ಅಂಕ ಕೇಳುವ ಕಡೆ ಕೂರಿಸಿದರು. ಕಿವಿಗೆ ಒಂದು ಯಂತ್ರ, ಕೈಗೆ ಒಂದು ಪಟ್ಟಿ. ನಿವೃತ್ತಿಯವರೆಗೂ ಅದೇ.

ಆ ಪಟ್ಟಿಯಲ್ಲಿ ಒಂದು ದಿನ ಶರಣಪ್ಪನವರ ಹೆಸರು ಬಂತು. ಮಾಮೂಲಿ ಸರ್ವೀಸು ಮಾಡಿಸಿಕೊಂಡು ಹೋಗಿದ್ದರು. ಫೋನ್ ಮಾಡಿ, ಕಂಪನಿ ಬರೆದುಕೊಟ್ಟ ಮಾತುಗಳನ್ನು ಓದುವ ಬದಲು ಸುಮ್ಮನೆ ಕೇಳಿದೆ: "ಶರಣಪ್ಪನವರೇ, ಜಲಜಾ ಮಾತಾಡುವುದು. ಹತ್ತಕ್ಕೆ ಎಷ್ಟು ಬರೆಯಲಿ?"

ಆ ಕಡೆ ಟೈಲ್ಸ್ ಕೊಯ್ಯುವ ಸದ್ದು. ಅವರು ಪಕ್ಕಕ್ಕೆ ಬಂದಿರಬೇಕು, ಸದ್ದು ಕಡಿಮೆಯಾಯಿತು.

"ಮೂರು ಬರ್ಕೋರಿ."

"ಸರಿ."

"ಒಂದು ಗಾಡಿಗಿ. ಎರಡು ನಿಮಗ. ಅವತ್ತೇ ಹೇಳಿದ್ರ ಪೂರಾ ಕೊಡ್ತಿದ್ದೆ." ಆಮೇಲೆ, "ಖರೇ ಹೇಳ್ಬೇಕಂದ್ರ ಅಕ್ಕೋರೆ, ಅವತ್ತು ನೀವು ಬ್ಯಾಡ ಅಂದಿದ್ರೂ ತೊಗೋತಿದ್ನೋ ಏನೋ. ಕೆಂಪು ಬಣ್ಣ ಭಾಳ ಮನಸಿಗಿ ಬಂದಿತ್ತು" ಎಂದರು. ನಕ್ಕರೋ ಇಲ್ಲವೋ ಸದ್ದಿನಲ್ಲಿ ತಿಳಿಯಲಿಲ್ಲ.

ಮೂರೆಂದೇ ಬರೆದೆ. ಜಿಎಂ ಕರೆಸಿ ಕೇಳಿದರು, ಒಬ್ಬರಿಂದ ಹತ್ತು ತೆಗೆಸಲು ಆಗದಿದ್ದರೆ ನೀವು ಅಲ್ಲಿ ಏಕೆ ಕೂತಿದ್ದೀರಿ ಎಂದು. ನಾನು "ನೀವೇ ಕೂರಿಸಿದ್ದು" ಎಂದೆ. ಶರಣಪ್ಪನವರ ಗಾಡಿ ಈಗಲೂ ಓಡುತ್ತಿದೆ. ಉರಿಬಿಸಿಲಿನ ಹೊತ್ತಿನಲ್ಲಿ ಶೀಲ್ ರಸ್ತೆಗೆ ಇಳಿಸುವುದಿಲ್ಲವಂತೆ. ಬೆಳಿಗ್ಗೆ ಆರಕ್ಕೇ ಹೊರಡುತ್ತಾರೆ.

ನಿವೃತ್ತಿಯ ನಂತರ ನಾವೂ 'ಒಂದು ಚಿಕ್ಕ ಗಾಡಿ ತಗೊಳ್ಳೋಣ' ಎಂದೆವು. ನಮ್ಮವರಿಗೆ ಮಂಡಿನೋವು, ಆಟೋಮ್ಯಾಟಿಕ್ಕೇ ಬೇಕೆಂದು ಹಟ. ನಾನು ಬೇರೊಂದು ಕಂಪನಿಯ ಗಾಡಿ ನೋಡುವುದೆಂದು ನಿಶ್ಚಯಿಸಿ, ಶೋರೂಮಿಗೆ ಹೋಗುವ ಮೊದಲು ಕಲ್ಯಾಣದಲ್ಲಿದ್ದ ಆ ಕಂಪನಿಯ ವರ್ಕ್‌ಶಾಪಿಗೆ ಹೋಗಿ ಎರಡು ಬೆಳಿಗ್ಗೆ ಗಿರಾಕಿಯಂತೆ ಕೂತೆ. ನಾಲ್ಕೈದು ವರ್ಷ ಹಳೆಯ ಗಾಡಿಗಳು ಯಾವ ಕಾಯಿಲೆಗೆ ಬರುತ್ತಿವೆ ಎಂದು ನೋಡಿದೆ. ಮಾಲೀಕರನ್ನು ಮಾತಾಡಿಸಿದೆ. ಅವರಿಗೆ ಕಾಯುವ ಬೇಸರ, ನನಗೆ ಕೇಳುವ ಚಟ. ನಮ್ಮವರು ಹೊರಗೆ ರಿಕ್ಷಾದಲ್ಲಿ ಕೂತು, ತಾವು ಈ ಹೆಂಗಸಿನ ಗಂಡನೇ ಅಲ್ಲವೆಂಬಂತೆ ಪೇಪರ್ ಓದುತ್ತಿದ್ದರು. ಗಾಡಿ ಒಟ್ಟಿನಲ್ಲಿ ಗಟ್ಟಿ ಎಂದು ತಿಳಿಯಿತು. ಆದರೆ ಆಟೋಮ್ಯಾಟಿಕ್ ಬಂದು ಒಂದೇ ವರ್ಷವಾಗಿತ್ತು. ಅದರ ಬಗ್ಗೆ ಅಲ್ಲಿ ಯಾರಿಗೂ ಹೇಳಲು ಏನೂ ಇರಲಿಲ್ಲ.

ಶೋರೂಮಿನಲ್ಲಿ ನಮಗೆ ಗಾಡಿ ತೋರಿಸಿದ್ದು ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗಿ. ಎದೆಯ ಮೇಲಿನ ಬಿಲ್ಲೆಯಲ್ಲಿದ್ದ ಅಡ್ಡಹೆಸರು ನಮ್ಮ ಕಡೆಯದು. ಕನ್ನಡದಲ್ಲಿ ಮಾತಾಡಿಸಿದರೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಹೊಸಬಳು, ಪಾಠ ಒಪ್ಪಿಸುವಂತೆ ಗಾಡಿಯ ಗುಣಗಾನ ಮಾಡುತ್ತಿದ್ದಳು. ಅವಳ ಮ್ಯಾನೇಜರ್ ಎರಡು ಹೆಜ್ಜೆ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದ. ನಮ್ಮವರು ಆಟೋಮ್ಯಾಟಿಕ್ ಗಾಡಿಯೊಳಗೆ ಕೂತು, ಮಂಡಿ ಅಲ್ಲಾಡಿಸದೆಯೇ ಊರಿಗೆ ಹೋಗಿಬಂದಷ್ಟು ಸಂತೋಷದಲ್ಲಿದ್ದರು. "ಇದೇ ಇರಲಿ" ಎಂದು ಕೂಗಿ ಹೇಳಿದರು. ನಾನು ಯಾರು, ಎಲ್ಲಿ ಕೆಲಸ ಮಾಡಿದವಳು ಎಂದು ನಾವಿಬ್ಬರೂ ಹೇಳಿರಲಿಲ್ಲ.

ಅಷ್ಟರಲ್ಲಿ ಯಾರೋ ಕರೆದರೆಂದು ಮ್ಯಾನೇಜರ್ ಒಳಗೆ ಹೋದ. ಹುಡುಗಿ ಅವನು ಹೋದ ಬಾಗಿಲನ್ನೊಮ್ಮೆ ನೋಡಿದಳು. ಆಮೇಲೆ ಗಾಡಿಯ ಬಾಗಿಲ ಬಳಿ ಬಗ್ಗಿ, ಸೀಟಿನ ಹೊಲಿಗೆ ತೋರಿಸುವವಳಂತೆ ಕೈಯಾಡಿಸುತ್ತ, ತುಟಿ ಅಲ್ಲಾಡಿಸದಷ್ಟು ಮೆಲ್ಲಗೆ ಅಂದಳು:

"ಆಂಟಿ, ಆಟೋಮ್ಯಾಟಿಕ್ ಮತ್ ಲೀಜಿಯೇ. ಪೀಛೇ ತೀನ್ ಖಡೀ ಹೈ."

ತಗೋಬೇಡಿ, ಹಿಂದೆ ಮೂರು ಗಾಡಿ ಕೆಟ್ಟು ನಿಂತಿವೆ. ಆಟೋಮ್ಯಾಟಿಕ್ ಮಾರಿದರೆ ಅವಳಿಗೆ ಕೈಗೆ ಹೆಚ್ಚು ಸಿಗುತ್ತದೆ ಎಂದು ನನಗೆ ಗೊತ್ತು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದೂ ಗೊತ್ತು.

ಮ್ಯಾನೇಜರ್ ತಿರುಗಿ ಬಂದಾಗ ನಾನು ದೊಡ್ಡ ದನಿಯಲ್ಲಿ, ನಮ್ಮವರಿಗೆ ಕಾಲಿಗೆ ವ್ಯಾಯಾಮ ಬೇಕೆಂದು ಡಾಕ್ಟರು ಹೇಳಿದ್ದಾರೆ, ಕ್ಲಚ್ ಇರುವುದನ್ನೇ ಕೊಡಿ ಎಂದೆ. ನಮ್ಮವರು ಬಾಯಿ ತೆರೆದವರು ನನ್ನ ಮುಖ ನೋಡಿ ಮುಚ್ಚಿಕೊಂಡರು.

ಆ ಹುಡುಗಿಯ ಹೆಸರನ್ನು, ಶೋರೂಮಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಇನ್ನೂ ಬಹಳ ವರ್ಷ ನೌಕರಿ ಮಾಡಬೇಕಾಗಿದೆ.